ಮುಚ್ಚಬಾರದ ಪಾದ

ಬೇಲೂರಿನಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಹೊಂದುವ ರವಿಕೆ ಬಟ್ಟೆ, ಲಂಗ, ಫಾಲ್ಸು, ಲೈನಿಂಗು, ಇಷ್ಟೇ ನಮ್ಮ ಸಾಮ್ರಾಜ್ಯದ ಎಲ್ಲೆ. ಆದರೆ ಎಲ್ಲೆಯೊಳಗೆ ಪ್ರಜೆಗಳು ಬಹಳ. ಹಸಿರೊಂದರಲ್ಲೇ ಗಿಳಿಹಸಿರು, ಪಾಚಿಹಸಿರು, ಮಾವಿನೆಲೆ ಹಸಿರು, ಬಾಟಲ್ ಹಸಿರು ಎಂದು ಕವಲುಗಳಿವೆ. ಆ ವಂಶಾವಳಿಯನ್ನು ನಾನು ನಿದ್ದೆಗಣ್ಣಿನಲ್ಲೂ ತಪ್ಪಿಲ್ಲದೆ ಒಪ್ಪಿಸಬಲ್ಲೆ. ದೇವಸ್ಥಾನಕ್ಕೆಂದು ಊರಿಗೆ ಬಂದ ಹೆಂಗಸರು ದೇವರ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನನ್ನ ಮುಂದೆ ನಿಂತು ಹೋಗಿದ್ದುಂಟು. ಈ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವೂ ಇತ್ತು ಎಂದು ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಆ ಸಮಸ್ತ ಪಾಂಡಿತ್ಯವೂ ಒಂದು ಸಲ ನನ್ನ ಕಿರುಬೆರಳಿಗಿಂತ ಉದ್ದವಿಲ್ಲದ ಎರಡು ಪಾದಗಳ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ಅವು ನನ್ನ ಮಗಳ ಪಾದಗಳು. ಅವಳು ಈಗ ಶಾಲೆಗೆ ಹೋಗುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಇಂಥ ಬರಹಗಳನ್ನು ನಾನೂ ಆಸ್ಪತ್ರೆಯ ಹಜಾರದಲ್ಲಿ ಕೂತು ಫೋನಿನಲ್ಲಿ ಹುಡುಕಿ ಓದಿದವನೇ. ಕೊನೆಯ ಸಾಲಿಗೆ ಹಾರಿ ಮಗು ಬದುಕಿತೇ ಎಂದು ನೋಡಿಕೊಂಡು ಆಮೇಲೆ ಮೇಲಿನಿಂದ ಓದುತ್ತಿದ್ದೆ. ನಿಮಗೆ ಆ ಶ್ರಮ ಬೇಡ. ವೈದ್ಯಶಾಸ್ತ್ರ ನನಗೆ ಗೊತ್ತಿಲ್ಲ. ಗೊತ್ತಿರುವಂತೆ ಮಾತಾಡುವ ನೆಂಟರು ನಿಮಗೆ ಈಗಾಗಲೇ ಸಿಕ್ಕಿರುತ್ತಾರೆ.

ನನ್ನ ಮದುವೆ ತಡವಾಗಿ ಆಯಿತು, ಮಗು ಇನ್ನೂ ತಡವಾಯಿತು. ಹೆಂಡತಿ ಪದ್ಮಳ ತವರು ಅರಸೀಕೆರೆ. ಸೀಮಂತ ಮುಗಿಸಿ, ಮಡಿಲು ತುಂಬಿಸಿ, ಪದ್ಧತಿಯ ಪ್ರಕಾರ ಅವಳನ್ನು ಅಲ್ಲಿಗೆ ಕಳಿಸಿ ನಾನು ಅಂಗಡಿಯಲ್ಲಿ ನೆಮ್ಮದಿಯಾಗಿ ಕೂತಿದ್ದೆ. ಪದ್ಮಳ ಕಾಲು ಊದಿಕೊಂಡಿತು. ಕಾಲು ಊದಿದರೆ ಗಂಡು ಎಂದರು ಒಬ್ಬರು, ಹೆಣ್ಣು ಎಂದರು ಇನ್ನೊಬ್ಬರು. ಬಿಪಿ ಎಂದು ಹೇಳಿದ್ದು ಅರಸೀಕೆರೆಯ ಡಾಕ್ಟರು ಮಾತ್ರ. ಏಳು ತಿಂಗಳು ತುಂಬುವ ಮೊದಲೇ ಆಪರೇಷನ್ ಮಾಡಿ ಮಗುವನ್ನು ಹೊರಗೆ ತೆಗೆದರು. ಪದ್ಮಳಿಗೆ ಮಂಪರು ಬಿಡುವ ಮೊದಲೇ ಮಗು ಆಂಬ್ಯುಲೆನ್ಸಿನಲ್ಲಿ ಹಾಸನದ ಹಾದಿ ಹಿಡಿದಿತ್ತು. ತಾಯಿ ಅರಸೀಕೆರೆಯಲ್ಲಿ, ಮಗು ಹಾಸನದಲ್ಲಿ, ಬೀಗ ಹಾಕಿದ ಅಂಗಡಿ ಬೇಲೂರಿನಲ್ಲಿ. ಒಂದು ಸಂಸಾರ ಇಷ್ಟು ಸಲೀಸಾಗಿ ಮೂರು ಊರುಗಳಿಗೆ ಹಂಚಿಹೋಗಬಹುದು ಎಂದು ನನಗೆ ತಿಳಿದಿರಲಿಲ್ಲ.

ಹಾಸನದ ಆ ಆಸ್ಪತ್ರೆಯಲ್ಲಿ ಎಳೆಮಕ್ಕಳ ವಾರ್ಡಿಗೆ ಗಾಜಿನ ಬಾಗಿಲು. ಒಳಗೆ ಹೋಗುವ ಮೊದಲು ಮೊಣಕೈವರೆಗೆ ಸೋಪು ಹಾಕಿ ತೊಳೆದು, ಹಸಿರು ನಿಲುವಂಗಿ ತೊಟ್ಟು, ಉಂಗುರ, ಗಡಿಯಾರ, ಕೈಗೆ ಕಟ್ಟಿದ ದಾರ ಎಲ್ಲ ತೆಗೆಯಬೇಕು. ಫೋನ್ ಹೊರಗೇ ಇರಬೇಕು. ಹಳೇಬೀಡಿನಲ್ಲಿದ್ದ ನನ್ನ ಅಜ್ಜಿಯ ಮಡಿಯನ್ನು ನೋಡಿ ನಕ್ಕವನು ನಾನು. ಅಜ್ಜಿ ಇದನ್ನು ನೋಡಿದ್ದರೆ, ಇವರ ಮುಂದೆ ತನ್ನದೇನೂ ಇಲ್ಲ ಎಂದು ಶರಣಾಗುತ್ತಿದ್ದಳು.

ಮಗುವನ್ನು ಮೊದಲ ಸಲ ನೋಡಿದಾಗ ಅದು ಮಗು ಎನ್ನುವುದಕ್ಕಿಂತ ಮಗುವಿನ ಕಚ್ಚಾ ಪ್ರತಿ ಎನ್ನಿಸಿತು. ಬಾಯಿಗೆ ಉಸಿರಿನ ಕೊಳವೆ. ಎದೆಗೆ ಅಂಟಿಸಿದ ತಂತಿಗಳು. ಹೊಕ್ಕುಳಿನಿಂದ ಹೊರಟ ದಾರದಷ್ಟು ಸಣ್ಣ ಟ್ಯೂಬು, ಅದನ್ನು ಹೊಟ್ಟೆಯ ಮೇಲೆ ಪ್ಲಾಸ್ಟರಿನ ಸೇತುವೆ ಕಟ್ಟಿ ಕೂರಿಸಿದ್ದರು. ನಮ್ಮ ಅಂಗಡಿಗೆ ಬರುವ ಕಾಲೇಜು ಹುಡುಗಿಯರಿಗಿಂತ ಸ್ವಲ್ಪವೇ ದೊಡ್ಡವರಂತೆ ಕಾಣುತ್ತಿದ್ದ ಡಾಕ್ಟರಮ್ಮ ಅದನ್ನು ತೋರಿಸಿ ಹೇಳಿದರು:

"ಹೊಕ್ಕುಳಲ್ಲಿರೋ ರಕ್ತನಾಳದೊಳಗೆ ಇದನ್ನ ಹಾಕಿದೀವಿ. ಮಗೂದು ಬಿಪಿ ಪ್ರತಿ ಕ್ಷಣ ಗೊತ್ತಾಗ್ತಿರುತ್ತೆ. ರಕ್ತ ಪರೀಕ್ಷೆಗೆ ಪ್ರತಿ ಸಲ ಸೂಜಿ ಚುಚ್ಚಬೇಕಾಗಿಲ್ಲ."

"ಇದರಿಂದ ತೊಂದರೆ ಏನೂ ಇಲ್ವಾ ಮೇಡಂ?"

"ಇದೆ" ಎಂದರು. ಇಲ್ಲ ಎನ್ನುತ್ತಾರೆಂದು ನಾನು ಆಗಲೇ ತಲೆಯಾಡಿಸಲು ಶುರುಮಾಡಿದ್ದೆ. "ಕೆಲವು ಸಲ ಕಾಲಿಗೆ ಹೋಗೋ ರಕ್ತಕ್ಕೆ ಅಡ್ಡಿಯಾಗಬಹುದು. ಅದಕ್ಕೇ ಪಾದ ನೋಡ್ತಾ ಇರ್ತೀವಿ. ಬಿಳುಚಿದ್ರೆ, ನೀಲಿ ತಿರುಗಿದ್ರೆ, ತಣ್ಣಗಾದ್ರೆ ನಮಗೆ ತಕ್ಷಣ ಗೊತ್ತಾಗಬೇಕು."

ಆ 'ಇದೆ' ಎಂಬ ಒಂದು ಪದಕ್ಕಾಗಿ ಆ ಹುಡುಗಿಯ ಮೇಲೆ ನನಗೆ ನಂಬಿಕೆ ಹುಟ್ಟಿತು. ವ್ಯಾಪಾರದಲ್ಲಿ ನಾವು ಈ ಪದವನ್ನು ಇಂಥ ಕಡೆ ಬಳಸುವುದಿಲ್ಲ.

ನನ್ನ ಅತ್ತೆ ರತ್ನಮ್ಮನವರು ಬಾಣಂತಿಯನ್ನು ತಂಗಿಗೆ ಒಪ್ಪಿಸಿ, ಮಾರನೆಯ ದಿನ ಅರಸೀಕೆರೆಯಿಂದ ಬೆಳಗಿನ ರೈಲಿಗೆ ಬಂದರು. ಕೈಯಲ್ಲಿ ಒಂದು ಕುಲಾವಿ, ಒಂದು ಜೊತೆ ಕಾಲುಚೀಲ. ಸೀಮಂತದಿಂದಲೂ ಕೂತು ಹೆಣೆದದ್ದು, ಹಳದಿ ಉಣ್ಣೆಯದು. ಕುದಿಸಿ, ಒಣಗಿಸಿ, ಇಸ್ತ್ರಿ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ವಾರ್ಡಿನ ನರ್ಸ್ ಶೋಭಾ ಎಂಬಾಕೆ ಕುಲಾವಿ ತೆಗೆದುಕೊಂಡರು, ಕಾಲುಚೀಲ ವಾಪಸ್ ಕೊಟ್ಟರು.

"ಪಾದ ಮುಚ್ಚಬಾರದು ಅಜ್ಜಿ. ನಮಗೆ ಕಾಣ್ತಾ ಇರಬೇಕು."

"ಥಂಡಿ ಆಯ್ತದಲ್ಲವ್ವ ಕೂಸ್ಗೆ?"

"ಮೇಲಿಂದ ಶಾಖ ಐತೆ ಅಜ್ಜಿ, ನಿಮ್ ಅಡುಗೆಮನೆಗಿಂತ ಬೆಚ್ಚಗೈತೆ."

ಅತ್ತೆ ಕಾಲುಚೀಲಗಳನ್ನು ಸೆರಗಿನ ಗಂಟಿಗೆ ಸೇರಿಸಿಕೊಂಡರು. ಮೊಮ್ಮಗಳ ಪಾದ ಜಗತ್ತಿಗೆಲ್ಲ ಕಾಣುವಂತೆ ಬಿಟ್ಟಿದ್ದು ಅವರಿಗೆ ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ದೃಷ್ಟಿ ತಾಗುವುದು ಮೊದಲು ಪಾದಕ್ಕೇ ಎಂದು ಗೋಡೆಗೆ ಹೇಳಿದರು.

ಗೋಡೆಗೆ ಹೇಳಿದರು ಎಂದೆ. ಇದನ್ನು ವಿವರಿಸಬೇಕು. ನಮ್ಮ ಅತ್ತೆ ಹಳೆಯ ಕಾಲದವರು. ಅಳಿಯನ ಸಮಕ್ಕೆ ಕೂರುವುದಿಲ್ಲ, ಅಳಿಯನ ಮುಖ ನೋಡಿ ಮಾತಾಡುವುದಿಲ್ಲ. ಮಾತು ಹೇಳುವುದೇನಿದ್ದರೂ ಪಕ್ಕದ ಕಂಬಕ್ಕೋ ಗೋಡೆಗೋ ಹೇಳುತ್ತಾರೆ. ನಾನು ಅದನ್ನು ಅಲ್ಲಿಂದ ಎತ್ತಿಕೊಳ್ಳಬೇಕು. "ಅಳಿಯಂದ್ರು ತಿಂಡಿ ತಿಂದ್ರೋ ಇಲ್ವೋ" ಎಂದು ಕಂಬವನ್ನು ವಿಚಾರಿಸುವರು. "ಆಯ್ತು ಅಂತ ಹೇಳಿ" ಎಂದು ನಾನೂ ಕಂಬಕ್ಕೇ ಉತ್ತರಿಸುವೆ. ಹಳೆಯ ಮನೆಗಳಲ್ಲಿ ಇದು ಸುಲಭ, ಕಂಬಗಳು ಸಾಕಷ್ಟಿರುತ್ತವೆ. ಆಸ್ಪತ್ರೆಯ ಹಜಾರದಲ್ಲಿ ಇದ್ದದ್ದು ಒಂದು ನೀರಿನ ಯಂತ್ರ, ಒಂದು ಕಬ್ಬಿಣದ ಬೆಂಚು. ಬೆಂಚಿನ ಮೇಲೆ ನಾನು ಕೂತರೆ ಅವರು ನಿಲ್ಲುವರು. ಅವರು ಕೂರಲಿ ಎಂದು ನಾನು ಎದ್ದರೆ, "ಅಳಿಯಂದ್ರು ನಿಂತವ್ರಲ್ಲ" ಎಂದು ನೀರಿನ ಯಂತ್ರಕ್ಕೆ ಹೇಳಿ ಅವರೂ ನಿಲ್ಲುವರು. ಹೀಗೆ ಮರ್ಯಾದೆಯ ದೆಸೆಯಿಂದ ಬೆಂಚು ಖಾಲಿ ಉಳಿದು, ಅದರ ಮೇಲೆ ಹುಲಿಕೆರೆಯ ತಿಮ್ಮಯ್ಯನವರು ಕಾಲು ಚಾಚಿ ಮಲಗುತ್ತಿದ್ದರು.

ತಿಮ್ಮಯ್ಯನವರ ಮೊಮ್ಮಗ ನಮ್ಮ ಮಗುವಿನ ಪಕ್ಕದ ತೊಟ್ಟಿಲಲ್ಲಿದ್ದ. ಆ ಹಜಾರದಲ್ಲಿ ಫೋನಿಗೆ ಚಾರ್ಜ್ ಹಾಕಲು ಇದ್ದದ್ದು ಒಂದೇ ಪ್ಲಗ್ಗು. ಅದರ ಪಕ್ಕದ ಜಾಗ ಹಿರಿತನದಿಂದ ಅವರ ವಶದಲ್ಲಿತ್ತು. ನಮ್ಮಿಬ್ಬರ ಈ ನಿಲ್ಲುವ ಆಟವನ್ನು ನೋಡಿ ನೋಡಿ ಅವರಿಗೇ ಬೇಸರವಾಯಿತು.

"ಅಲ್ಲಾ ಕಣಮ್ಮಣ್ಣಿ, ಒಳಗೆ ನಿಮ್ ಕೂಸೊಂದೇ ಆರಾಮಾಗಿ ಮನಗೈತೆ. ಹೊರಗೆ ನೀವಿಬ್ರೂ ನಿಂತ್ಕಂಡು ಯಾವ ರೈಲು ಕಾಯ್ತಿದ್ದೀರಿ?"

ಅತ್ತೆ ನಗಲಿಲ್ಲ. ನಾನು ಮುಖ ಆ ಕಡೆ ತಿರುಗಿಸಿ ನಕ್ಕೆ.

ಅತ್ತೆ ದಿನಾ ಬೆಳಿಗ್ಗೆ ಐಸ್ ತುಂಬಿದ ಡಬ್ಬಿಯಲ್ಲಿ ಪದ್ಮಳ ಎದೆಹಾಲು ತರುತ್ತಿದ್ದರು. ಮೊದಮೊದಲು ತಳ ಮುಚ್ಚುವಷ್ಟೂ ಇರುತ್ತಿರಲಿಲ್ಲ. ಅರಸೀಕೆರೆಯಿಂದ ಹಾಸನದವರೆಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ರೈಲು ಅಲುಗಿದಾಗಲೆಲ್ಲ ಮೇಲೆ ಕೈ ಮುಚ್ಚಿ ತರುವರು. ಅದರಲ್ಲಿ ನಾಲ್ಕು ಹನಿ ಹತ್ತಿಯಲ್ಲಿ ಅದ್ದಿ ಮಗುವಿನ ತುಟಿಗೆ ಸವರಿ ಉಳಿದದ್ದನ್ನು ಆಸ್ಪತ್ರೆಯವರು ಫ್ರೀಜರಿನಲ್ಲಿ ಇಡುತ್ತಿದ್ದರು. ಮಗುವನ್ನು ಕಣ್ಣಲ್ಲಿ ನೋಡದ ತಾಯಿಯ ಹಾಲು, ತಾಯಿಯ ಮೈ ಅರಿಯದ ಮಗುವಿನ ತುಟಿಗೆ. ನಡುವೆ ಒಂದು ರೈಲು, ಒಬ್ಬ ಮುದುಕಿ.

ಪದ್ಮ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ಇನ್ನೂ ಇಳಿಯದ ಬಿಪಿ ಹೊತ್ತು, ಅಲ್ಲಿ ಮಲಗಿ ಫೋನ್ ಮಾಡುತ್ತಿದ್ದಳು. ಪಾದದ ವಿಷಯ ನಾನೇ ಬಾಯಿಬಿಟ್ಟು ಹೇಳಿದ್ದೆ. ಅವತ್ತಿನಿಂದ ಅವಳ ಮೊದಲ ಪ್ರಶ್ನೆ ಒಂದೇ.

"ರೀ, ಇವತ್ತು ಯಾವ ಬಣ್ಣ?"

ಇದಕ್ಕೆ ಉತ್ತರಿಸುವ ಯೋಗ್ಯತೆ ಈ ಜಿಲ್ಲೆಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ ಎಂಬ ಠೀವಿಯಲ್ಲಿ ನಾನು ವರದಿ ಒಪ್ಪಿಸುತ್ತಿದ್ದೆ. "ಹಿಮ್ಮಡಿ ಎಳೆ ದಾಳಿಂಬೆ. ಬೆರಳು ಈರುಳ್ಳಿ ಸಿಪ್ಪೆ." ಶುಕ್ರವಾರಗಳಲ್ಲಿ ಪದ್ಮಳೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು, ಹೆಸರು ಹೇಳಿದರೆ ಸಾಕು, ಅವಳ ಕಣ್ಣ ಮುಂದೆ ಆ ಬಣ್ಣದ ಬಟ್ಟೆಯ ಥಾನು ಬಿಚ್ಚಿಕೊಳ್ಳುತ್ತಿತ್ತು. "ನಂ ಮೂರನೇ ಕಪಾಟಿನ ಈರುಳ್ಳಿ ಸಿಪ್ಪೇನಾ, ಹೊಸದಾಗಿ ಬಂತಲ್ಲ ಅದಾ?" ಎನ್ನುವಳು. "ಹೊಸದು." ಆ ಕಡೆಯಿಂದ ಒಂದು ಉಸಿರು. ಆಮೇಲೆ, "ಬೆರಳು ಯಾರ ಥರ?"

"ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ. ನಿಮ್ಮಮ್ಮನ ಥರ."

"ಅಯ್ಯೋ, ಗಂಡನ್ನ ಕುಣಿಸ್ತಾಳೆ ಬಿಡಿ."

ಹೀಗೆ ನಮ್ಮ ಮಗಳು ಅವಳ ತಾಯಿಯ ಪಾಲಿಗೆ ಪಾದದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವಾಗಿ ಹುಟ್ಟುತ್ತಿದ್ದಳು. ಫೋನ್ ಇಟ್ಟ ಮೇಲೆ ನನಗೊಂದು ಆಸೆ ಬರುತ್ತಿತ್ತು. ದೊಡ್ಡದೇನಲ್ಲ. ನೋಡಿ ಹೇಳುವ ಬದಲು ಒಂದು ಸಲ ಹಿಡಿದು ಹೇಳಬೇಕು. ಟ್ಯೂಬ್ ಇರುವವರೆಗೆ ಎತ್ತುವಂತಿಲ್ಲ, ಅಲುಗಿಸುವಂತಿಲ್ಲ ಎಂದಿದ್ದರು. ಎತ್ತಿಕೊಳ್ಳಲು ಎರಡು ಕೈ ಕೊಟ್ಟ ಭಗವಂತ ಆ ದಿನಗಳಲ್ಲಿ ಅವುಗಳಿಗೆ ಸೋಪು ಹಚ್ಚಿಕೊಳ್ಳುವ ಕೆಲಸ ಮಾತ್ರ ಇಟ್ಟಿದ್ದ.

ನನ್ನ ಪಾಂಡಿತ್ಯಕ್ಕೆ ಭಂಗ ಬಂದದ್ದೂ ಆ ದಿನಗಳಲ್ಲೇ. ಒಂದು ಮಧ್ಯಾಹ್ನ ಒಳಗೆ ಹೋದೆ. ಮಗುವಿನ ಎರಡೂ ಪಾದ, ಹೊಟ್ಟೆ, ಕೆನ್ನೆ ಸಮಸ್ತವೂ ನೀಲಿ.

"ಸಿಸ್ಟರ್!" ಎಂದು ಕೂಗಿದ ದನಿಗೆ ವಾರ್ಡಿನಲ್ಲಿದ್ದ ಮಕ್ಕಳೆಲ್ಲ ಬೆಚ್ಚಿದವು. "ಕಾಲು ನೀಲಿ ಆಗಿದೆ!"

ಶೋಭಾ ಓಡಿ ಬಂದರು, ನೋಡಿದರು, ಸೊಂಟದ ಮೇಲೆ ಕೈ ಇಟ್ಟು ನಿಂತರು. "ಸರ್, ಒಂದ್ಸಲ ನಿಮ್ ಕೈ ನೋಡ್ಕೊಳ್ಳಿ."

ನನ್ನ ಕೈಯೂ ನೀಲಿ. ಹಾಸಿಗೆ ನೀಲಿ. ಕಾಮಾಲೆಗೆಂದು ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ಮೇಲೆ ನೀಲಿ ದೀಪ ಹಾಕಿದ್ದರು. ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ, ಬೀದಿಗೆ ಹೋಗಿ ಬಿಸಿಲಲ್ಲಿ ಹಿಡಿದು ನೋಡಿ ಎಂದು ಇಷ್ಟು ವರ್ಷ ಗಿರಾಕಿಗಳಿಗೆ ಉಪದೇಶಿಸಿದ ಮಹಾನುಭಾವ ನಾನೇ. ಶೋಭಾ ನೀಲಿ ದೀಪ ಆರಿಸಿ ಬಿಳಿ ದೀಪ ಹಾಕಿದರು. ಪಾದಗಳು ತಮ್ಮ ಬಣ್ಣಕ್ಕೆ ಬಂದವು.

"ನಾನು ಮಾದಿಹಳ್ಳಿಯೋಳು ಸರ್. ನನ್ ಮದುವೆ ರವಿಕೆ ಬಟ್ಟೆ ನಿಮ್ ಅಂಗಡೀದೇ. ಬಣ್ಣ ಸ್ವಲ್ಪ ಬೇರೆ ಥರ ಕಾಣ್ತಿದ್ಯಲ್ಲಾ ಅಂದೆ. 'ಪರವಾಗಿಲ್ಲ, ಉಟ್ಟರೆ ಗೊತ್ತಾಗಲ್ಲ' ಅಂದ್ರಿ. ಫೋಟೋದಲ್ಲಿ ಇವತ್ತಿಗೂ ಗೊತ್ತಾಗುತ್ತೆ."

ನಾನು ಮತ್ತೊಮ್ಮೆ ಕೈ ತೊಳೆಯಲು ಹೋದೆ.

ಇದೆಲ್ಲ ನಗುವ ಮಾತಾಯಿತು. ನಗದ ಬೆಳಿಗ್ಗೆ ಒಂದು ಬಂತು.

ಅವತ್ತು ತಿಮ್ಮಯ್ಯನವರ ಮೊಮ್ಮಗನಿಗೆ ಬಿಡುಗಡೆ. ಪಟ್ಟ ಬಿಟ್ಟುಕೊಡುವ ಅರಸನ ಗಾಂಭೀರ್ಯದಲ್ಲಿ ಅವರು ಪ್ಲಗ್ಗಿನ ಪಕ್ಕದ ಜಾಗವನ್ನು ನನಗೆ ವಹಿಸಿದರು. "ಸ್ವಲ್ಪ ಲೂಸ್ ಐತೆ. ವಯರ್ನ ಎಡಕ್ಕೆ ಎಳದು ಇಟ್ಕ. ನೀವೂ ನಿಮ್ ಕೂಸ್ನ ಹಿಂಗೇ ಎತ್ಕಂಡ್ ಹೊಂಟೋಯ್ತೀರಿ, ಬತ್ತೀನಿ" ಎಂದು ಹೇಳಿ, ಹೆಗಲ ಮೇಲಿನ ಗಂಟನ್ನು ಕೂಡ ಮಗುವಿನಂತೆ ಹಿಡಿದುಕೊಂಡು ಹೋದರು. ಅವರು ತಿರುವಿನಲ್ಲಿ ಮರೆಯಾಗುವುದಕ್ಕೂ ಅತ್ತೆ ಹಾಲಿನ ಡಬ್ಬಿ ಹಿಡಿದು ಬರುವುದಕ್ಕೂ ಸರಿಹೋಯಿತು. ಆಗ ಗಾಜಿನ ಬಾಗಿಲು ತೆರೆದು ಶೋಭಾ ನನ್ನನ್ನು ಕರೆದರು. ಮುಖದಲ್ಲಿ ತಮಾಷೆ ಇರಲಿಲ್ಲ.

ನೀಲಿ ದೀಪ ಆರಿಸಿದ್ದರು. ಬಿಳಿ ದೀಪದ ಕೆಳಗೆ ಡಾಕ್ಟರಮ್ಮ ಬಗ್ಗಿ ನಿಂತಿದ್ದರು. ಎಡಪಾದ ನಿನ್ನೆಯಂತೆಯೇ ಇತ್ತು. ಬಲಪಾದ ಮೇಣದಂತೆ ಬಿಳುಚಿ, ಅದರ ಐದೂ ಬೆರಳು ಬೇರೆ ಬಣ್ಣಕ್ಕೆ ತಿರುಗಿದ್ದವು. ಆ ಬಣ್ಣಕ್ಕೆ ನಮ್ಮಲ್ಲಿ ಹೆಸರಿದೆ. ಅದನ್ನು ಇಲ್ಲಿ ಬರೆಯಲಾರೆ. ಅಂದಿನಿಂದ ಆ ಥಾನನ್ನು ನಾನು ಅಂಗಡಿಗೆ ತರಿಸಿಲ್ಲ. ಗಿರಾಕಿ ಕೇಳಿದರೆ, ಮುಗಿದಿದೆ ಎನ್ನುತ್ತೇನೆ.

ಡಾಕ್ಟರಮ್ಮ ಬಿಸಿನೀರಲ್ಲಿ ಹಿಂಡಿದ ಬಟ್ಟೆ ತರಿಸಿದರು. ತರಿಸಿ ಎಡಗಾಲಿಗೆ ಸುತ್ತಿದರು. ಸರಿಯಿದ್ದ ಕಾಲಿಗೆ. ಕೈ ತೊಳೆದು ನನ್ನ ಹಿಂದೆಯೇ ಬಂದು ನಿಂತಿದ್ದ ಅತ್ತೆ ತಡೆಯಲಾರದೆ ಕೇಳಿಬಿಟ್ಟರು.

"ಇದೊಳ್ಳೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳ್ದಂಗಾಯ್ತಲ್ಲವ್ವ! ನೋವಿರೋದು ಆ ಕಾಲು."

ಡಾಕ್ಟರಮ್ಮ ಬಟ್ಟೆ ಸುತ್ತುತ್ತಲೇ ಹೇಳಿದರು: "ಹೌದು ಅಜ್ಜಿ, ಗಾದೆ ಸರಿಯಾಗೇ ಇದೆ. ಆದ್ರೆ ಇಲ್ಲಿ ಎಮ್ಮೆಗೇ ಎಳೀಬೇಕು. ಆ ಕಾಲಿಗೆ ರಕ್ತ ಸಾಲ್ತಿಲ್ಲ, ಅದಕ್ಕೇ ಶಾಖ ಕೊಟ್ರೆ ಸುಟ್ಟುಹೋಗುತ್ತೆ. ಈ ಕಾಲು ಬೆಚ್ಚಗಾದ್ರೆ ಆ ಕಾಲಿನ ರಕ್ತನಾಳಾನೂ ಸಡಿಲ ಆಗಬಹುದು. ಎರಡೂ ಅಕ್ಕತಂಗೀರು." ಆಮೇಲೆ ತಲೆಯೆತ್ತಿ, "ನಿಮ್ಮ ಹತ್ರ ಕಾಲುಚೀಲ ಇತ್ತಲ್ವಾ ಅಜ್ಜಿ? ಬಟ್ಟೆ ಜಾರದ ಹಾಗೆ ಮೇಲೆ ಹಾಕೋಣ. ಒಂದೇ ಸಾಕು."

ಅತ್ತೆಯ ಸೆರಗಿನ ಗಂಟಿನಿಂದ ಬಿಳಿ ಬಟ್ಟೆ ಹೊರಬಂತು. ಒಂದು ಕಾಲುಚೀಲ ಮಗುವಿನ ಎಡಗಾಲಿಗೇರಿತು. ಇನ್ನೊಂದು ಅವರ ಮುಷ್ಟಿಯಲ್ಲೇ ಉಳಿಯಿತು.

"ಸ್ವಲ್ಪ ಹೊತ್ತು ನೋಡ್ತೀವಿ. ಬಣ್ಣ ತಿರುಗದಿದ್ರೆ ಟ್ಯೂಬ್ ತೆಗೀತೀವಿ" ಎಂದು ಹೇಳಿ ನಮ್ಮನ್ನು ಹೊರಗೆ ಕಳಿಸಿದರು.

ಹೊರಗೆ ಬರುವುದಕ್ಕೂ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಪದ್ಮ.

"ರೀ, ಇವತ್ತು ಯಾವ ಬಣ್ಣ?"

ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಬಣ್ಣದ ಹೆಸರಿಗೆ ನಾನು ತಡವರಿಸಿದವನಲ್ಲ. ಅವತ್ತು ಗೊತ್ತಿದ್ದ ಹೆಸರನ್ನು ಹೇಳುವಂತಿರಲಿಲ್ಲ. ಹೊಸ ತಾಯಿ, ಹಸಿ ಹೊಲಿಗೆ, ಬಿಪಿ. ಏನಾದರೂ ಹೇಳಬೇಕು.

"ಪರವಾಗಿಲ್ಲ" ಎಂದೆ.

ಗೋಡೆ ಗಡಿಯಾರದ ಸದ್ದು ಅರಸೀಕೆರೆಯಿಂದ ಹಾಸನಕ್ಕೆ ಕೇಳಿಸಿತು. "ಸರಿ" ಎಂದು ಫೋನ್ ಇಟ್ಟಳು. ಸದ್ಯ ನಂಬಿದಳು ಎಂದುಕೊಂಡು ನಾನು ಬೆಂಚಿನ ಮೇಲೆ ಕುಸಿದೆ.

ಅಷ್ಟು ಹೊತ್ತಿಗೆ ನನ್ನ ಪಕ್ಕದಲ್ಲಿ ಸೀರೆಯ ಸದ್ದಾಯಿತು. "ಅಳಿಯಂದ್ರೆ, ವಸಿ ಸರ್ಕಳಿ" ಎಂದರು ಅತ್ತೆ. ಗೋಡೆಗಲ್ಲ, ನೀರಿನ ಯಂತ್ರಕ್ಕಲ್ಲ. ನಾನು ಸರಿದೆ. ಅವರು ನನ್ನ ಪಕ್ಕದಲ್ಲಿ ಕೂತರು. ಮದುವೆಯಾದಂದಿನಿಂದ ಅವರನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಮೂಗುತಿಯ ಒಂದು ಹರಳು ಬಿದ್ದುಹೋಗಿತ್ತು. ಉಳಿದ ಒಂದು ಕಾಲುಚೀಲವನ್ನು ಮಡಚುತ್ತ ಅವರೇ ಕೇಳಿದರು.

"ಕಾಲು ತಗುದ್ಬುಡ್ತಾರಾ?"

"ಇಲ್ಲಮ್ಮ" ಎಂದೆ. ಗೊತ್ತಿದ್ದು ಹೇಳಿದ್ದಲ್ಲ.

ಬಣ್ಣ ತಿರುಗಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು ಟ್ಯೂಬ್ ತೆಗೆಯುತ್ತಿದ್ದೇವೆ ಎಂದರು. ಬಿಪಿಯನ್ನು ಇನ್ನು ತೋಳಿಗೆ ಪುಟ್ಟ ಪಟ್ಟಿ ಕಟ್ಟಿ ನೋಡಬೇಕು, ರಕ್ತಕ್ಕೆ ಹಿಮ್ಮಡಿ ಚುಚ್ಚಬೇಕು. ಮೊದಲಿನಷ್ಟು ನಿಖರವಾಗಿ ಎಲ್ಲವೂ ತಿಳಿಯುವುದಿಲ್ಲ.

"ಮೇಡಂ, ಕಾಲಾ ಜೀವಾನಾ ಅನ್ನೋ ಹಂತಕ್ಕೆ ಬಂತಾ?"

"ಬಂದಿಲ್ಲ. ಬರಬಾರದು ಅಂತಾನೇ ಈಗ ತೆಗೀತಿರೋದು."

ಬಾಗಿಲು ಮುಚ್ಚಿತು. ನಾನು ಆವತ್ತು ಯಾವ ದೇವರಿಗೂ ಹರಕೆ ಹೊರಲಿಲ್ಲ. ಮನೆಯಲ್ಲಿ ಪುರುಡು, ದೇವರ ಹತ್ತಿರ ಸುಳಿಯುವಂತಿರಲಿಲ್ಲ. ಸಂಕಟ ಬಂದ ಹೊತ್ತಿನಲ್ಲೇ ದೇವರ ಕಚೇರಿಗೆ ರಜೆ ಕೊಟ್ಟ ನಮ್ಮ ಹಿರಿಯರ ವ್ಯವಸ್ಥೆಯ ಬಗ್ಗೆ ಯೋಚಿಸುತ್ತ ಕೂತೆ.

ಊಟದ ಹೊತ್ತು ದಾಟಿರಬೇಕು. ಹಜಾರದ ಆ ತುದಿಯಿಂದ ಒಂದು ಗಾಲಿಕುರ್ಚಿ ಬರುತ್ತಿತ್ತು. ತಳ್ಳುತ್ತಿದ್ದವರು ಅತ್ತೆಯ ತಂಗಿ. ಕೂತಿದ್ದವಳು ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಹೊಟ್ಟೆಗೆ ಹಳೆಯ ಸೀರೆ ಬಿಗಿದುಕೊಂಡ ಪದ್ಮ. ಬಾಡಿಗೆ ಕಾರು ಮಾಡಿಸಿಕೊಂಡು ಬಂದಿದ್ದಳು. ಊದಿದ ಮುಖ. ಅವಳನ್ನು ನೋಡದೆ ಎಷ್ಟು ದಿನವಾಗಿತ್ತೆಂಬುದು ಅವಳನ್ನು ನೋಡಿದ ಮೇಲೆ ಗೊತ್ತಾಯಿತು.

ಅತ್ತೆ ಎದ್ದು ನಿಂತು ಬೈದರು. "ಹೊಲಿಗೆ ಬಿಚ್ಕಂಡ್ರೆ ಏನೇ ಗತಿ, ಮೂದೇವಿ?"

"ಬಿಚ್ಕಂಡ್ರೆ ಇದೂ ಆಸ್ಪತ್ರೇನೇ ಅಲ್ವೇನಮ್ಮ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಪರವಾಗಿಲ್ಲ ಅಂದ್ರಲ್ಲ. ಮ್ಯಾಚ್ ಆಗದ ಬಟ್ಟೆಗೆ ನೀವು ಏನಂತೀರಿ ಅಂತ ನಂಗೊತ್ತಿಲ್ವಾ? ಯಾವ ಕಾಲು?"

"ಬಲಗಾಲು" ಎಂದೆ.

ಅವಳು ಕೈ ತೊಳೆದಳು. ಬಳೆಗಳನ್ನು ಒಂದೊಂದಾಗಿ ಬಿಚ್ಚಿ ತಾಯಿಯ ಕೈಗೆ ಕೊಟ್ಟಳು. ಒಳಗೆ ಹೋದಾಗ ಹೊಕ್ಕುಳಿನ ಟ್ಯೂಬ್ ತೆಗೆದಾಗಿತ್ತು. ಅಲ್ಲೊಂದು ಪುಟ್ಟ ಪಟ್ಟಿ. ಗಾಲಿಕುರ್ಚಿಯಿಂದ ಅವಳ ಕಣ್ಣಿಗೆ ಮೊದಲು ಕಂಡದ್ದು ಪಾದಗಳೇ. ಒಂದಕ್ಕೆ ಹಳದಿ ಕಾಲುಚೀಲ, ಇನ್ನೊಂದು ಬರಿದು. ಅವಳು ಬರಿದಾದದ್ದನ್ನು ನೋಡಿದಳು. ನಾನು ಹೇಳಲಾಗದೆ ಉಳಿಸಿಕೊಂಡ ಹೆಸರು ಅವಳಿಗೂ ಗೊತ್ತು. ಅವಳೂ ಹೇಳಲಿಲ್ಲ.

"ಮುಟ್ಟಬಹುದಾ ಸಿಸ್ಟರ್?"

"ತಲೆ ಮೇಲೆ ಕೈ ಇಡಿ. ಸವರಬೇಡಿ ಅಕ್ಕ, ಚರ್ಮ ಎಳೇದು. ಸುಮ್ನೆ ಇಟ್ಕಂಡಿರಿ."

ಪದ್ಮ ಸುಮ್ಮನೆ ಇಟ್ಟುಕೊಂಡಿದ್ದಳು. ಅವಳ ಅಂಗೈಯಲ್ಲಿ ಮಗುವಿನ ತಲೆ ಪೂರ್ತಿ ಅಡಗಿತು. ಮೇಲಿನ ಪರದೆಯಲ್ಲಿ ಓಡುತ್ತಿದ್ದ ಯಾವುದೋ ಅಂಕಿ ಸ್ವಲ್ಪ ಇಳಿದು ಸಮಾಧಾನವಾಯಿತು. ಅದು ತಾಯಿಯ ಕೈಯಿಂದಲೋ ಬೇರೆ ಯಾವುದರಿಂದಲೋ ಎಂದು ನಾನು ಡಾಕ್ಟರಮ್ಮನನ್ನು ಕೇಳಲಿಲ್ಲ. ಕೇಳಿದರೆ ಆಕೆ ನಿಜ ಹೇಳಿಬಿಡುವ ಪೈಕಿ.

ಪದ್ಮಳನ್ನು ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮಲಗಿಸಿದರು. ಬಣ್ಣ ಒಮ್ಮೆಗೇ ಬರಲಿಲ್ಲ. ಮೊದಲು ಹಿಮ್ಮಡಿಗೆ, ಆಮೇಲೆ ಅಂಗಾಲಿನ ನಡುವಿಗೆ. ಶೋಭಾ ಬಾಗಿಲ ಸಂದಿಯಿಂದ ಹಣಕಿ ಹೇಳುವರು: "ಹೆಬ್ಬೆರಳು ಬಂತು ಸರ್." ಚುನಾವಣೆಯ ಫಲಿತಾಂಶ ಕೇಳಿದಂತೆ ನಾವು ಕೇಳುವೆವು. ಪಕ್ಕದ ಬೆರಳು ಬಂತು. ಅದರ ಪಕ್ಕದ್ದು ಬಂತು. ನಾಲ್ಕನೆಯದು ಬಹಳ ಸತಾಯಿಸಿ ಬಂತು. ಕಿರುಬೆರಳು ಬರಲಿಲ್ಲ.

ಅದರ ತುದಿ ಕಪ್ಪಾಗಿ, ಒಣಗಿ, ಮುಂದೆ ಒಂದು ದಿನ ತಾನಾಗಿ ಕಳಚಿತು. ಹೋದದ್ದು ಅಕ್ಕಿಕಾಳಿನಷ್ಟು. ಪದ್ಮ ಅದಕ್ಕೂ ಅತ್ತಳು, ಅಷ್ಟೇ ಹೋಯಿತಲ್ಲ ಎಂದೂ ಅತ್ತಳು. ಟ್ಯೂಬ್ ಹಾಕಿದ್ದೇ ತಪ್ಪು ಎಂದು ಹೇಳಲು ನೆಂಟರು ಬಂದರು. ಹಾಕದಿದ್ದರೆ ಏನಾಗುತ್ತಿತ್ತು ಎಂದು ಅವರಲ್ಲಿ ಯಾರೂ ಹೇಳಲಿಲ್ಲ. ಆ ಮೊದಲ ದಿನಗಳನ್ನು ದಾಟಿಸಿದ್ದೂ ಟ್ಯೂಬೆಂಬ ಅದೇ ದಾರ, ಬೆರಳ ತುದಿಯನ್ನು ತೆಗೆದುಕೊಂಡದ್ದೂ ಅದೇ ದಾರ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನಮಗೆ ಈಗ ಅಭ್ಯಾಸವಾಗಿದೆ.

ಮಗಳಿಗೆ ಜಾನಕಿ ಎಂದು ಹೆಸರಿಟ್ಟೆವು. ಓಡುತ್ತಾಳೆ, ಬೀಳುತ್ತಾಳೆ, ಅಂಗಡಿಯ ಥಾನುಗಳ ಮೇಲೆ ಹತ್ತಿ ಕುಣಿಯುತ್ತಾಳೆ. ಕಿರುಬೆರಳು ಏನಾಯಿತೆಂದು ಶಾಲೆಯಲ್ಲಿ ಯಾರೋ ಕೇಳಿದರೆ, "ಇಲಿ ತಿಂತು" ಎಂದಳಂತೆ. ನಾನು ತಿದ್ದಲಿಲ್ಲ. ಮಲಗಿದಾಗ ಅವಳ ಪಾದ ಹಿಡಿದುಕೊಂಡು ಕೂರುವ ಚಾಳಿ ನನಗೆ ಉಳಿದಿದೆ. "ಬಿಡಪ್ಪಾ, ಕಚಗುಳಿ" ಎಂದು ನಿದ್ದೆಯಲ್ಲೇ ಝಾಡಿಸುತ್ತಾಳೆ. ಬಿಡುತ್ತೇನೆ. ಹಿಡಿಯಲಾಗದ ಆ ದಿನಗಳನ್ನು ಈಗ ಎಷ್ಟು ಹಿಡಿದರೂ ತುಂಬಿಸಲಾಗುವುದಿಲ್ಲ. ಆ ಮಗು ಬೇರೆ, ಇವಳು ಬೇರೆ ಎನ್ನಿಸುತ್ತದೆ.

ಆ ಮಗುವನ್ನು ಎತ್ತಿಕೊಂಡ ದಿನದ್ದು ಹೇಳಿ ನಿಲ್ಲಿಸುತ್ತೇನೆ.

ಹೊಕ್ಕುಳಿನ ಟ್ಯೂಬ್ ಹೋದ ಮೇಲೆ, ಉಸಿರಿನ ಕೊಳವೆಯೂ ಹೋದ ಮೇಲೆ, ಇನ್ನು ಎದೆಗೆ ಹಾಕಿಕೊಳ್ಳಬಹುದು ಎಂದರು ಡಾಕ್ಟರಮ್ಮ. ಮೊದಲು ತಾಯಿ, ಆಮೇಲೆ ತಂದೆ. ನಾನು ಹಿಂದಿನ ದಿನವೇ ಬೇಲೂರಿಗೆ ಹೋಗಿ, ಮದುವೆಗೆ ಹೊರಟವನಂತೆ ಸಿದ್ಧನಾಗಿ, ಆದರೆ ಎಣ್ಣೆಸ್ನಾನ ಬೇಡವೆಂದು ಬರೀ ಸೋಪಿನ ಸ್ನಾನ ಮಾಡಿ, ಸೆಂಟು ಪೌಡರು ಯಾವುದೂ ಇಲ್ಲದೆ, ಶೋಭಾ ಹೇಳಿದಂತೆ ಮುಂದೆ ಗುಂಡಿಯಿರುವ ಅಂಗಿ ತೊಟ್ಟು ಬಂದಿದ್ದೆ. ಪರದೆ ಎಳೆದು, ಒರಗುವ ಕುರ್ಚಿಯಲ್ಲಿ ಪದ್ಮಳನ್ನು ಕೂರಿಸಿ, ಮಗುವನ್ನು ಅವಳ ಎದೆಯ ನಡುವೆ ಕಪ್ಪೆಯಂತೆ ಕವುಚಿ ಮಲಗಿಸಿ, ಮೇಲೆ ಬಟ್ಟೆ ಸುತ್ತಿದರು. ಬಟ್ಟೆಯೊಳಗೆ ಪದ್ಮಳ ಒಂದು ಕೈ ಕೆಳಗೆ ಜಾರಿ ಬಲಪಾದವನ್ನು ಹುಡುಕಿ ಹಿಡಿಯಿತು.

"ನೋಡ್ತೀಯಾ? ಬಟ್ಟೆ ಸರಿಸ್ಲಾ?" ಎಂದು ಕೇಳಿದೆ.

"ಬೇಡ. ಬೆಚ್ಚಗಿದೆ" ಎಂದಳು. ಕಣ್ಣು ಮುಚ್ಚಿದಳು.

ಆ ಹೊತ್ತು ಎಷ್ಟು ದೀರ್ಘವಾಗಿತ್ತೆಂದು ಹೇಳಲಾರೆ, ಆದರೆ ಮುಗಿದಾಗ ಬಹಳ ಬೇಗ ಮುಗಿದಿತ್ತು. ಶೋಭಾ ಪರದೆ ಸರಿಸಿ ಬಂದರು.

"ಇನ್ನು ಅಪ್ಪನ ಸರದಿ. ಗುಂಡಿ ಬಿಚ್ಚಿ ಸರ್."

ನಾನು ಗುಂಡಿಗಳನ್ನು ಆಗಲೇ ಬಿಚ್ಚಿಕೊಂಡು ನಿಂತಿದ್ದೆ. ಪದ್ಮ ಕಣ್ಣು ತೆರೆದಳು. ಕೊಡಲೆಂದು ಕೈ ಸಡಿಲಿಸಲು ನೋಡಿದಳು. ಅವಳ ಮನಸ್ಸು ಸಡಿಲಿಸಿದರೂ ಬೆರಳುಗಳು ಬಟ್ಟೆಯೊಳಗೆ ಇನ್ನಷ್ಟು ಬಿಗಿಯಾದದ್ದು ಮೇಲಿನಿಂದಲೇ ಕಾಣಿಸಿತು.

"ನನಗೆ ಇವತ್ತು ಬೇಡ ಸಿಸ್ಟರ್" ಎಂದೆ. "ಅಂಗಡಿ ತೆಗೀಬೇಕು. ಗಿರಾಕಿಗಳು ಕಾಯ್ತಿರ್ತಾರೆ."

ಅಂಗಡಿಗೆ ಬೀಗ ಬಿದ್ದು ಎಷ್ಟೋ ದಿನವಾಗಿತ್ತು. ಅದು ಪದ್ಮಳಿಗೆ ಗೊತ್ತು.

"ಹೋಗಿ ಬನ್ನಿ" ಎಂದಳು, ಮತ್ತೆ ಕಣ್ಣು ಮುಚ್ಚಿಕೊಂಡು.

ನಾನು ಎಲ್ಲಿಗೂ ಹೋಗಲಿಲ್ಲ. ಪರದೆಯ ಈಚೆ ನಿಂತು, ತೊಳೆದು ಸಿದ್ಧವಾಗಿದ್ದ ಎದೆಯ ಮೇಲೆ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿಕೊಳ್ಳತೊಡಗಿದೆ. ಮೇಲಿನ ಎರಡನ್ನು ಹಾಕಲು ಮನಸ್ಸಾಗದೆ ಹಾಗೇ ಬಿಟ್ಟೆ.